ಎರಡು ಸಿಳ್ಳೆಗೆ ಒಂದು ಓ

ಇಡೀ ಗಲಾಟೆ ನಿಂತಿದ್ದು ಒಂದು ವಿಸಿಲಿನ ಮೇಲೆ. ಒಂದೇ ಒಂದು, ಉದ್ದನೆಯದು. ಅದನ್ನು ಊದಿದವನು ಯಾರೆಂದು ಮೈದಾನದ ಆಚೆ ಬದಿಯಲ್ಲಿ ನಿಂತಿದ್ದ ನಾನು ಕಣ್ಣಾರೆ ಕಂಡಿದ್ದೆ. ಆದರೂ ಆ ಪಾಪವನ್ನು ತಂದು ನನ್ನ ಹುಡುಗರ ತಲೆಗೆ ಕಟ್ಟಿದರು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅಂತಾರೆ. ಸುಳ್ಳು. ಇದನ್ನು ನೆನೆದರೆ ಇವತ್ತಿಗೂ ಉಣ್ಣುವ ತುತ್ತು ಗಂಟಲಲ್ಲಿ ನಿಂತುಬಿಡುತ್ತದೆ, ಹೆಂಡತಿ ನೀರು ಕೊಡಬೇಕಾಗುತ್ತದೆ.

ಆಗ ನಾನು ಪುಲ್ಪಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಷ್. ನಮ್ಮ ಕಡೆ ಮೇಷ್ಟರಿಗೆ ಹಾಗೇ ಹೇಳುವುದು. ಮನೆ ಮರಕ್ಕಡವಿನಲ್ಲಿ, ಕಬಿನಿ ದಾಟಿದರೆ ಕರ್ನಾಟಕ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಬೈಯುವಾಗ ಎರಡೂ. ಫುಟ್‌ಬಾಲ್ ಟೀಮನ್ನು ಹೆಡ್‌ಮಾಷ್ ನನ್ನ ಕೊರಳಿಗೆ ಕಟ್ಟಿದ್ದೂ ಇದೇ ಕಾರಣಕ್ಕೆ. ಆಡುವ ಹುಡುಗರಲ್ಲಿ ಹೆಚ್ಚಿನವರು ಕಾಡಂಚಿನ ಹಾಡಿಯವರು, ಜೇನು ಕೀಳುವವರ ಮಕ್ಕಳು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಬೇರೆ ಮಾಷ್‌ಗಳು ಅವರೊಡನೆ ಮಾತಾಡಲು ಹೋಗಿ ಸೋತು, "ಈ ಮಕ್ಕಳಿಗೆ ತಲೆಯಿಲ್ಲ" ಎಂದು ಷರಾ ಬರೆದು ಕೈ ತೊಳೆದುಕೊಂಡಿದ್ದರು.

ಅದು ನಕ್ಸಲರ ಸುದ್ದಿ ಬಂದರೆ ಅಂಗಡಿಗಳ ಬಾಗಿಲು ಹಗಲಲ್ಲೇ ಬೀಳುತ್ತಿದ್ದ ಕಾಲ. ನಮ್ಮ ಬೆಟ್ಟದ ಮೇಲೆ ಒಂದು ಎಸ್ಟೇಟಿನವರು ಬೇಲಿ ಹಾಕಿದ್ದ ಜಾಗಕ್ಕೆ ಹಾಡಿಯ ಕೆಲವರು ನುಗ್ಗಿ, ಇದು ನಮ್ಮ ಅಜ್ಜಂದಿರ ನೆಲ ಎಂದು ಗುಡಿಸಲು ಹಾಕಿ ಕೂತಿದ್ದರು. ಅವರಿಗೂ ನಕ್ಸಲರಿಗೂ ಎಷ್ಟು ನಂಟಿತ್ತೋ ದೇವರಿಗೇ ಗೊತ್ತು. ಪೊಲೀಸರಿಗೆ ಮಾತ್ರ ಎಲ್ಲರೂ ಒಂದೇ. ನಮ್ಮ ಶಾಲೆಯ ಕೊನೆಯ ಎರಡು ಕೋಣೆಗಳಲ್ಲಿ ಅವರ ಕ್ಯಾಂಪ್ ಬಂತು. ಮೈದಾನದಲ್ಲಿ ಜೀಪು ನಿಂತವು, ಗೋಲ್ ಪೋಸ್ಟಿಗೆ ಹಗ್ಗ ಕಟ್ಟಿ ಖಾಕಿ ಚಡ್ಡಿ ಒಣಹಾಕಿದರು. ನಾನು ಹುಡುಗರನ್ನು ಕರೆದುಕೊಂಡು ಸಣ್ಣಗೆ ನೀರು ಹರಿಯುವ ತೋಡಿನ ಪಕ್ಕದ ಗದ್ದೆಗೆ ಹೋದೆ. ಒಡೆಯನಿಗೂ ಗೇಯುವವರಿಗೂ ತಕರಾರು ಬಿದ್ದು ಆ ವರ್ಷ ಅದು ನಾಟಿಯಾಗಿರಲಿಲ್ಲ. ಬದು ಕಡಿದು ನೆಲ ಸಮ ಮಾಡಿ, ಬಿದಿರಿನ ಗೋಲ್ ನೆಟ್ಟೆವು.

ಹುಡುಗರ ಕಾಲಲ್ಲಿ ಆಟವಿತ್ತು. ಇಲ್ಲದ್ದು ಬಾಯಿ. ಚೆಂಡು ಬೇಕಾದವನು ಕೂಗುವುದಿಲ್ಲ, ಹಿಂದಿನಿಂದ ಎದುರಾಳಿ ಬಂದರೆ ಎಚ್ಚರಿಸುವುದಿಲ್ಲ. ನೆನೆದ ತೊಗಲಿನ ಚೆಂಡು ಹಲಸಿನಕಾಯಿಯಷ್ಟು ಭಾರ. ಅದನ್ನು ಕಾಲಲ್ಲಿಟ್ಟುಕೊಂಡು ತಲೆ ಎತ್ತಿ ಹುಡುಕುವಷ್ಟರಲ್ಲಿ ಕಿತ್ತುಕೊಂಡು ಹೋಗಿರುತ್ತಾರೆ.

"ಬಾಯಿಗೆ ಏನು ತುರುಕಿಕೊಂಡಿದ್ದೀರಿ? ಹೆಸರು ಹಿಡಿದು ಕೂಗಿ" ಎಂದು ಒಂದು ದಿನ ರೇಗಿದೆ.

ಉತ್ತರ ಕೊಟ್ಟವನು ಮೈದಾನದ ನಡುವೆ ಆಡುವ ಸೆಂಟರ್ ಹಾಫ್. ಒಂಬತ್ತನೇ ಕ್ಲಾಸು, ತೆಳ್ಳಗೆ, ಹಟಮಾರಿ. ಅವನ ಹೆಸರು ನಾನು ಬರೆಯುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. "ಹೆಸ್ರು ಕೂಗಕಾಗಲ್ಲ ಮಾಷೇ" ಎಂದ.

"ಯಾಕೆ, ಹೆಸರಿಗೆ ಹಲ್ಲಿದೆಯಾ?"

"ಗಟ್ಟಿಯಾಗಿ ಹೆಸ್ರು ಕೂಗದು ಸತ್ತೋರ್ನ. ಮಣ್ಣಿಗೆ ಇಡುವಾಗ. ಬದ್ಕಿರೋರ್ನ ಕೂಗಿದ್ರೆ ಕಾಡು ಕೇಳ್ಸ್ಕೊಳ್ತದೆ."

"ಹಾಗಾದರೆ ಕಾಡಲ್ಲಿ ಒಬ್ಬರನ್ನೊಬ್ಬರು ಹೇಗೆ ಕರೀತೀರಿ?"

ಅವನು ನಾಲಿಗೆ ಮಡಚಿ ಎರಡು ಸಲ ಸಿಳ್ಳೆ ಹಾಕಿದ. ಸಣ್ಣವು, ಒಂದರ ಹಿಂದೆ ಒಂದು. ಗದ್ದೆಯ ಆ ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದ ಗೋಲಿ, ಗೋಲ್ ಕಾಯುವ ಹುಡುಗ, ತಿರುಗಿಯೂ ನೋಡದೆ "ಓ" ಎಂದು ಓಗೊಟ್ಟ.

ಒಂದೇ ಸಿಳ್ಳೆ ಹಾಕಿದರೆ ಏನು ಎಂದು ಕೇಳಿದೆ. ಓಗೊಡಬಾರದಂತೆ, ಒಂದೇ ಸಲ ಕರೆಯುವುದು ಮನುಷ್ಯ ಅಲ್ಲವಂತೆ. ಎರಡು ಸಲ ಕರೆದರೆ ಓಗೊಡಲೇಬೇಕು. "ಕೊಡದಿದ್ರೆ?" ಎಂದೆ. "ಕರೆದೋನು ಸತ್ತ ಹಾಗೆ ಲೆಕ್ಕ" ಎಂದ, ನೀರು ಕುದಿದರೆ ಬಿಸಿ ಎನ್ನುವಂತೆ.

ಆಯ್ತಪ್ಪ, ಅದನ್ನೇ ಆಡಿ ಎಂದೆ. ಅಲ್ಲಿಂದ ಮುಂದೆ ನಮ್ಮ ಕೆಲಸ ಸುಲಭವಾಯಿತು. ಖಾಲಿ ಇರುವವನು ಎರಡು ಸಿಳ್ಳೆ ಹಾಕುವುದು, ಓಗೊಡುವ ಬದಲು ಚೆಂಡನ್ನೇ ಅತ್ತ ಕಳಿಸುವುದು. ಓಡು ಎಂದು ಹೇಳಬೇಕಾದರೂ ಎರಡು ಸಿಳ್ಳೆ. ಕಣ್ಣು ಮುಚ್ಚಿ ಪಾಸ್ ಕೊಡುವ ಮಟ್ಟಕ್ಕೆ ಬಂದರು. ಆಟ ಮುಗಿದ ಮೇಲೆ ಅವರನ್ನು ಒಟ್ಟುಗೂಡಿಸಲು ನಾನೂ ಸಿಳ್ಳೆ ಕಲಿತೆ. ಎರಡು ಸಲ ಹಾಕಿದರೆ ತೋಡಿನಲ್ಲಿ ಮುಳುಗಿದವನೂ ತಲೆ ಎತ್ತಿ "ಓ" ಎನ್ನುತ್ತಿದ್ದ. ಹಾಗೆ ಗೆಲ್ಲುತ್ತಾ ಗೆಲ್ಲುತ್ತಾ ನಾವು ಉಪಜಿಲ್ಲೆಯ ಫೈನಲಿಗೆ ಬಂದೆವು.

ಫೈನಲಿನಲ್ಲಿ ಕಪ್ಪಿಗಿಂತ ದೊಡ್ಡದೊಂದು ಇತ್ತು. ಜಿಲ್ಲಾ ಟೀಮಿಗೆ ಹುಡುಗರನ್ನು ಆರಿಸುವವರು ನೋಡಲು ಬರುತ್ತಿದ್ದರು. ಅವರ ಕಣ್ಣಿಗೆ ಬಿದ್ದವನಿಗೆ ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಜಾಗ: ಮೂರು ಹೊತ್ತಿನ ಊಟ, ಮಂಚ, ಹತ್ತನೇ ಕ್ಲಾಸಿನವರೆಗೆ ಓದು. ಸೆಂಟರ್ ಹಾಫಿಗೆ ಅದು ಸಿಗಲೇಬೇಕಿತ್ತು. ಅವನ ಅಣ್ಣ ಬೆಟ್ಟದ ಮೇಲೆ ಗುಡಿಸಲು ಹಾಕಿದವರಲ್ಲಿ ಮುಂದಾಳು, ಕ್ಯಾಂಪಿನವರು ಅವನನ್ನು ಹುಡುಕುತ್ತಿದ್ದರು. ಅಣ್ಣ ಸಿಗದಿದ್ದರೆ ತಮ್ಮನನ್ನು ಎತ್ತಿಕೊಂಡು ಹೋಗುವುದು ಆ ಕಾಲದ ರಿವಾಜು. ಹುಡುಗ ಬೇಗ ಈ ಊರು ಬಿಟ್ಟು ಹಾಸ್ಟೆಲ್ ಸೇರಿದರೆ ಸಾಕು ಎಂದು ಅವನ ಅಜ್ಜಿ ನನ್ನ ಕೈ ಹಿಡಿದು ಹೇಳಿದ್ದಳು. ಅಪ್ಪ ಅಮ್ಮ ಇಲ್ಲದ ಆ ಇಬ್ಬರನ್ನೂ ಸಾಕಿದವಳು ಅವಳೇ.

ಉದ್ದಗಲ ಸರಿಯಿರುವ ಮೈದಾನ ಸುತ್ತಲಲ್ಲಿ ನಮ್ಮದೊಂದೇ. ಹಾಗಾಗಿ ಆಟ ಅಲ್ಲೇ ಎಂದಾಯಿತು. ಕ್ಯಾಂಪಿನವರು ಒಂದು ದಿನದ ಮಟ್ಟಿಗೆ ಜೀಪು ತೆಗೆದರು. ನಾನು ಬೆಳಗಿನಿಂದ ಸುಣ್ಣದ ಪುಡಿ ಹಿಡಿದು ಗೆರೆ ಎಳೆದೆ, ಬಲೆ ಕಟ್ಟಿದೆ, ಚೆಂಡಿನ ಲಾಡಿ ಒಳಗೆ ಸೇರಿಸಿ ಹೊಲಿದೆ. ರೆಫ್ರಿ ಹೊರಗಿನವರು. ಎರಡು ಬದಿಯ ಗೆರೆ ಕಾಯಲು ಬಾವುಟ ಹಿಡಿಯುವುದು ಎರಡೂ ಶಾಲೆಯ ಡ್ರಿಲ್ ಮಾಷ್‌ಗಳು. ನಾನೊಂದು ಬದಿ, ಎದುರು ಶಾಲೆಯ ಮಾಷ್ ಇನ್ನೊಂದು ಬದಿ. ಆತ ಬಾವುಟ ಹಿಡಿದದ್ದು ಸರಿ, ಆದರೆ ಕೊರಳಲ್ಲಿ ವಿಸಿಲೂ ತೂಗುತ್ತಿತ್ತು. "ಅದು ಯಾಕೆ, ತೆಗೆದಿಡಿ" ಎಂದೆ. "ಅಭ್ಯಾಸ ಮಾಷೇ, ಇಲ್ಲದಿದ್ದರೆ ಬಟ್ಟೆ ಬಿಚ್ಚಿದ ಹಾಗಿರುತ್ತೆ" ಎಂದು ನಕ್ಕ. ನಾನೂ ನಕ್ಕೆ.

ಅವರ ಟೀಮಿಗೆ ಒಂದು ಉಪಾಯ ಗೊತ್ತಿತ್ತು. ನಾವು ಚೆಂಡನ್ನು ಮುಂದೆ ಒದೆಯುವ ಹೊತ್ತಿಗೆ ಅವರ ಎರಡೂ ಬ್ಯಾಕ್‌ಗಳು ಒಟ್ಟಿಗೆ ಮುಂದೆ ಹೆಜ್ಜೆ ಹಾಕಿ, ಕೈ ಮೇಲೆತ್ತಿ, ಆಫ್‌ಸೈಡ್ ಎಂದು ನಿಂತುಬಿಡುವುದು. ಒದೆಯುವ ಗಳಿಗೆಯಲ್ಲಿ ಅವರ ಬೆನ್ನ ಹಿಂದೆ ಇದ್ದರೆ ತಪ್ಪು, ನಮ್ಮ ಫಾರ್ವರ್ಡ್ ಅಲ್ಲಿ ಉಳಿದು ಸಿಕ್ಕಿಬೀಳುತ್ತಿದ್ದ. ಮೊದಲರ್ಧವೆಲ್ಲ ಹೀಗೇ ಹೋಯಿತು. ಎರಡನೇ ಅರ್ಧದಲ್ಲಿ ಸೆಂಟರ್ ಹಾಫ್ ಅದನ್ನು ಬಿಡಿಸಿದ. ಎಡ ಅಂಚಿನಲ್ಲಿ ಓಡುವ ಲೆಫ್ಟ್ ಔಟ್ ಹುಡುಗನನ್ನು ಬ್ಯಾಕ್‌ಗಳಿಗಿಂತ ಈಚೆಗೇ ನಿಲ್ಲಿಸಿದ. ಚೆಂಡು ಒದ್ದ ಮೇಲೆ ಎರಡು ಸಿಳ್ಳೆ ಹಾಕಿದ. ಲೆಫ್ಟ್ ಔಟ್ ಆಮೇಲೆ ಹೊರಟ. ಬ್ಯಾಕ್‌ಗಳು ಕೈ ಎತ್ತಿ ಕಂಬದ ಹಾಗೆ ನಿಂತಿದ್ದರು, ಅವನು ನಡುವೆ ನುಸುಳಿ ಹೋದ.

ಆಗ ಕೇಳಿತು, ಆ ಉದ್ದನೆಯ ವಿಸಿಲ್. ನಾನು ಚೆಂಡು ಬಿಟ್ಟು ಎದುರು ಬದಿ ನೋಡಿದೆ. ಆ ಮಾಷಿನ ಬಾವುಟ ನೆಲ ನೋಡುತ್ತಿತ್ತು, ಎಡಗೈ ಬಾಯಿಯ ಹತ್ತಿರವಿತ್ತು, ಕೆನ್ನೆ ಉಬ್ಬಿತ್ತು. ನಮ್ಮವನನ್ನು ನಿಲ್ಲಿಸಲು ಊದಿದ್ದು, ಆದರೆ ಲೆಫ್ಟ್ ಔಟ್ ನಿಲ್ಲಲಿಲ್ಲ. ಅದು ರೆಫ್ರಿಯ ಕಡೆಯಿಂದ ಬಂದದ್ದಲ್ಲ, ಒಂದೇ ಸಲ ಕರೆಯುವುದು ಮನುಷ್ಯ ಅಲ್ಲ ಎಂದು ನಂಬಿದ ಹುಡುಗ ಯಾಕೆ ನಿಂತಾನು? ಚೆಂಡು ಬಲೆಗೆ ಬಿತ್ತು. ರೆಫ್ರಿ ಮಧ್ಯದ ಗೆರೆಗೆ ಕೈ ತೋರಿಸಿದರು, ಗೋಲ್. ಆಟ ಅದೇ ಒಂದು ಗೋಲಿನಲ್ಲಿ ಮುಗಿಯಿತು.

ಮುಗಿದದ್ದೇ ತಡ, ಆ ಮಾಷ್ ರೆಫ್ರಿಯ ಹತ್ತಿರ ಓಡಿದ. "ಇವರ ಹುಡುಗರು ವಿಸಿಲ್ ಹಾಕಿ ನಮ್ಮ ಬ್ಯಾಕ್‌ಗಳನ್ನು ಮೋಸದಿಂದ ನಿಲ್ಲಿಸಿದರು. ಇದು ಆಟವಾ? ಇದಕ್ಕೆ ಸ್ಪೋರ್ಟ್ಸ್‌ಮನ್ ಸ್ಪಿರಿಟ್ ಅಂತಾರಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಮೈದಾನ ಅಡ್ಡಹಾಯ್ದು ಹೋದೆ. "ಊದಿದ್ದು ನೀನು. ನಾನು ನೋಡಿದ್ದೇನೆ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ನೆಟ್ಟಗೆ ಕೊರಳಿಗೆ ಹೋಯಿತು, ಅಲ್ಲಿ ವಿಸಿಲ್ ಇರಲಿಲ್ಲ. ಜೇಬಿಗೆ ಇಳಿದಿತ್ತು.

ರೆಫ್ರಿ ಕೆಟ್ಟವರಲ್ಲ, ಹೆದರಿದ್ದರು. ಜನ ಸುತ್ತ ಮುತ್ತಿಕೊಂಡಿದ್ದರು. "ಒಂದು ವಿಸಿಲ್ ಕೇಳಿದ್ದು ಹೌದು, ನನ್ನದಲ್ಲ. ಯಾರದೆಂದು ನೋಡಲಿಲ್ಲ" ಎಂದರು. ನೋಡಿದ್ದು ನಾನೊಬ್ಬ, ನಾನೋ ಗೆದ್ದ ಟೀಮಿನ ಮಾಷ್. ನನ್ನ ಕಣ್ಣಿಗೆ ಬೆಲೆಯಿರಲಿಲ್ಲ.

ಅಲ್ಲೇ ಸ್ಟಾಫ್ ರೂಮಿನಲ್ಲಿ ವಿಚಾರಣೆ ಕೂತಿತು. ಆಟದ ಸಮಿತಿಯ ಕಾರ್ಯದರ್ಶಿ, ಜೊತೆಗೆ ಇಬ್ಬರು ಸದಸ್ಯರು. ಕಿಟಕಿಯ ಪಕ್ಕ ಟೀ ಗ್ಲಾಸ್ ಹಿಡಿದು ಕ್ಯಾಂಪಿನ ಇನ್ಸ್‌ಪೆಕ್ಟರ್. ಅವನನ್ನು ಕರೆದವರು ಯಾರು ಎಂದು ಕೇಳಿದರೆ, ಗಲಾಟೆ ಆಗಬಾರದಲ್ಲ ಎಂದರು. ಹುಡುಗರನ್ನು ಹೊರಗೆ ಹಲಸಿನ ಮರದ ಕೆಳಗೆ ಕೂರಿಸಿದ್ದರು. ಕಿಟಕಿಯಿಂದ ಅವರ ತಲೆಗಳ ಹಿಂಬದಿ ಮಾತ್ರ ಕಾಣುತ್ತಿತ್ತು.

ಕಾರ್ಯದರ್ಶಿ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ. "ನಿಮ್ಮ ಹುಡುಗರು ಸಿಳ್ಳೆ ಹಾಕಿ ಆಡುತ್ತಾರೆ. ಹೌದೋ ಅಲ್ಲವೋ?"

"ಹೌದು. ಯಾವ ನಿಯಮದಲ್ಲಿ ಬೇಡ ಎಂದಿದೆ?"

"ಮೋಸಗೊಳಿಸಲು ಹಾಕಿದರೆ ತಪ್ಪು. ನೋಡಿ ಮಾಷೇ, ಇಡೀ ಟೀಮನ್ನು ಹೊರಗೆ ಹಾಕುವುದು ನನಗೂ ಬೇಡ. ಸಿಳ್ಳೆ ಹಾಕಿದವನ ಹೆಸರು ಹೇಳಿ. ಅವನೊಬ್ಬನನ್ನು ಈ ವರ್ಷಕ್ಕೆ ನಿಲ್ಲಿಸೋಣ. ಉಳಿದವರು ಇನ್ನೊಮ್ಮೆ ಆಡಲಿ. ಹೆಸರು ಹೇಳದಿದ್ದರೆ ಕಪ್ಪು ಅವರಿಗೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಆದಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದೆ. ಬ್ಯಾಕ್‌ಗಳು ನಿಂತದ್ದು ಆಫ್‌ಸೈಡ್ ಕೇಳಲು, ವಿಸಿಲ್ ಬರುವ ಮೊದಲೇ ಅವರ ಕೈ ಮೇಲಿತ್ತು. ವಿಸಿಲ್ ಒಂದೇ, ಉದ್ದ, ತಗಡಿನ ಸದ್ದು. ನಮ್ಮವರು ಯಾವತ್ತೂ ಒಂದು ಸಿಳ್ಳೆ ಹಾಕುವುದಿಲ್ಲ, ಹಾಕಿದರೆ ಎರಡೇ.

"ಹಾಗಾದರೆ ಹುಡುಗನನ್ನು ಕರೆಸಿ, ಹಾಕಿ ತೋರಿಸಲಿ. ನಾವೂ ಕೇಳುತ್ತೇವೆ" ಎಂದರು ಕಾರ್ಯದರ್ಶಿ.

ನಾನು ಎದ್ದೇಬಿಟ್ಟಿದ್ದೆ. ಬಾಗಿಲ ಹತ್ತಿರ ಹೋಗಿದ್ದೆ. ಸತ್ಯ ತೋರಿಸಲು ಇಷ್ಟು ಸುಲಭದ ದಾರಿ ಸಿಕ್ಕಿತಲ್ಲ ಎಂದು ಖುಷಿಯೂ ಆಗಿತ್ತು. ಆಗ ಇನ್ಸ್‌ಪೆಕ್ಟರ್ ಟೀ ಗ್ಲಾಸ್ ಕೆಳಗಿಟ್ಟ.

"ಕರೆಸಿ, ಕರೆಸಿ" ಎಂದ. "ನನಗೂ ಕೇಳಬೇಕು. ಸಂಜೆಯ ಹೊತ್ತು ಬೆಟ್ಟದ ಮೇಲೆ ಇದೇ ಸಿಳ್ಳೆ ಕೇಳುತ್ತೆ. ಎರಡು. ಆಮೇಲೆ ಯಾರೋ ಓ ಅಂತಾರೆ. ನಮ್ಮವರು ಹತ್ತಿದರೆ ಗುಡಿಸಲು ಖಾಲಿ. ಅದರ ಅರ್ಥ ಹೇಳುವವನು ಒಬ್ಬನಾದರೂ ನನಗೆ ಬೇಕು."

ನನ್ನ ಕಾಲು ಅಲ್ಲೇ ನಿಂತಿತು. ಹುಡುಗ ಒಳಗೆ ಬಂದು ಸಿಳ್ಳೆ ಹಾಕಿದರೆ ನಾವು ಗೆದ್ದೆವು, ಗೆದ್ದ ಗಳಿಗೆಯಲ್ಲೇ ಅವನನ್ನು ಪಕ್ಕದ ಕೋಣೆಗೆ ಕರೆದೊಯ್ಯುತ್ತಾರೆ. ಯಾರ ತಮ್ಮ ಎಂದು ತಿಳಿಯಲು ಎಷ್ಟು ಹೊತ್ತು ಬೇಕು? ಕೋಣೆಯಿಂದ ಹೊರಬರುವಾಗ ಅವನಿಗೆ ಒದೆಯುವ ಕಾಲು ಉಳಿದಿರುತ್ತದೆಯೆ ಎಂಬುದೂ ಗ್ಯಾರಂಟಿಯಿಲ್ಲ. ಆ ಕೋಣೆಗೆ ಹೋಗಿ ಬಂದವರು ನಡೆಯುವುದನ್ನು ನಾನು ನೋಡಿದ್ದೆ.

"ನೀವೇ ಎರಡು ಅಂತೀರಲ್ಲ ಸಾರ್" ಎಂದೆ ಇನ್ಸ್‌ಪೆಕ್ಟರಿಗೆ. "ಆಟದ ಹೊತ್ತಲ್ಲೂ ನಿಮ್ಮ ಕೋಣೆಗೆ ಎರಡೇ ಕೇಳಿರುತ್ತದೆ. ಆ ಉದ್ದದ ಒಂದು ಬೇರೆ ಅಂತ ಇವರಿಗೆ ಹೇಳಿ."

"ಫುಟ್‌ಬಾಲ್ ನನಗೆ ಗೊತ್ತಿಲ್ಲ ಮಾಷೇ" ಎಂದ, ಹಲ್ಲು ಕಾಣದಂತೆ ನಗುತ್ತಾ.

ಎದುರು ಶಾಲೆಯ ಮಾಷ್ ಮೂಲೆಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದ. ಒಂದು ಮಾತು, ಒಂದೇ ಮಾತು ಅವನು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನಿಗೆ ಕಪ್ಪು ಬೇಕಿತ್ತು, ಇನ್ಸ್‌ಪೆಕ್ಟರಿಗೆ ಹುಡುಗ ಬೇಕಿತ್ತು, ಕಾರ್ಯದರ್ಶಿಗೆ ಕತ್ತಲಾಗುವ ಮುಂಚೆ ಬಸ್ಸು ಬೇಕಿತ್ತು.

ನಾನು ತಿರುಗಿ ಬಂದು ಕುರ್ಚಿಯಲ್ಲಿ ಕೂತೆ. "ಹುಡುಗರಲ್ಲ. ಅವರಿಗೆ ಸಿಳ್ಳೆ ಕಲಿಸಿದ್ದೂ ನಾನು, ಇವತ್ತು ಹಾಕಿದ್ದೂ ನಾನು" ಎಂದೆ.

ಆಗಿನ ನಿಯಮದಲ್ಲಿ ಗೆರೆಯ ಹೊರಗಿನಿಂದ ಆಟ ಹೇಳಿಕೊಡುವುದು ನಿಷೇಧ. ಬಾವುಟ ಹಿಡಿದವನು ಹಾಗೆ ಮಾಡಿದರೆ ಇನ್ನೂ ದೊಡ್ಡ ತಪ್ಪು. ಆದರೆ ಅದು ಮಾಷಿನ ತಪ್ಪು, ಟೀಮಿನದಲ್ಲ. ಶಿಕ್ಷೆ ನನಗೆ, ಹುಡುಗರಿಗೆ ಮರು ಆಟ. ಹತ್ತು ವರ್ಷ ನಿಯಮದ ಪುಸ್ತಕ ಓದಿದ್ದು ಅವತ್ತು ಸುಳ್ಳು ಹೇಳಲು ಉಪಯೋಗಕ್ಕೆ ಬಂತು. ನಾಚಿಕೆ ಆಗಲಿಲ್ಲ, ಇವತ್ತಿಗೂ ಆಗಿಲ್ಲ.

ಎದುರು ಶಾಲೆಯ ಮಾಷ್ ತಲೆ ಎತ್ತಿ ನನ್ನನ್ನೇ ನೋಡಿದ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಆ ಕೋಣೆಯಲ್ಲಿ ಖಂಡಿತವಾಗಿ ಗೊತ್ತಿದ್ದವನು ಅವನೊಬ್ಬ. ಏನು ಹೇಳಿಯಾನು? ಮತ್ತೆ ಉಗುರು ನೋಡತೊಡಗಿದ.

"ನಿಮಗೆ ಎಲ್ಲಿಂದ ಬಂತು ಈ ಸಿಳ್ಳೆ?" ಎಂದ ಇನ್ಸ್‌ಪೆಕ್ಟರ್.

"ಹೊಳೆ ಬದಿಯಲ್ಲಿ ದನ ಕಾಯುವಾಗ ಎಲ್ಲರೂ ಹಾಕುತ್ತೇವೆ."

"ಹಾಕಿ ನೋಡೋಣ."

ನಾನು ನಾಲಿಗೆ ಮಡಚಿ ಒಂದು ಸಿಳ್ಳೆ ಹಾಕಿದೆ. ಬೇಕೆಂದೇ ಒಂದು. ಒಂದಕ್ಕೆ ಯಾರೂ ಓಗೊಡುವುದಿಲ್ಲ.

"ಒನ್ನು ಕೂಡಿ" ಎಂದ, ಮಲಯಾಳದಲ್ಲಿ ಇನ್ನೊಂದು ಎಂದು. ಹಾಕಿದೆ. "ಬಿಡಿಬಿಡಿಯಾಗಿ ಬೇಡ. ಎರಡು, ಒಟ್ಟಿಗೆ."

ಅವನು ನನ್ನ ಮುಖ ನೋಡುತ್ತಿರಲಿಲ್ಲ. ಕಿಟಕಿಯಿಂದ ಹಲಸಿನ ಮರ ನೋಡುತ್ತಿದ್ದ. ಆಗ ಗೊತ್ತಾಯಿತು ಅವನು ಹಿಡಿಯಹೊರಟದ್ದು ಏನೆಂದು. ಎರಡು ಹಾಕಿದರೆ ಮರದ ಕೆಳಗಿನಿಂದ ಹನ್ನೊಂದು ಬಾಯಿ "ಓ" ಎನ್ನುತ್ತದೆ. ಅದು ಅವರ ಕೈಯಲ್ಲಿಲ್ಲ, ಆಕಳಿಕೆ ಬಂದ ಹಾಗೆ ಬರುತ್ತದೆ. ನಾನೇ ದಿನಾ ಸಂಜೆ ಗದ್ದೆಯಲ್ಲಿ ಅದನ್ನು ಗಟ್ಟಿ ಮಾಡಿಸಿದ್ದೆ. ಹಾಕದಿದ್ದರೆ ನನ್ನ ಮಾತು ಸುಳ್ಳು ಎಂದು ಅಲ್ಲೇ ತೀರ್ಮಾನ.

ನೀರು ಕೇಳಿ ಕುಡಿದೆ. ಮತ್ತೆ ಹಾಕಿದೆ, ಎರಡು.

ಹೊರಗೆ ಸದ್ದಿಲ್ಲ. ಕಾಗೆಯೊಂದು ಕೂಗಿತು. ಕ್ಯಾಂಪಿನ ಅಡಿಗೆಯವನು ಪಾತ್ರೆ ಕುಕ್ಕಿದ. ಇನ್ಸ್‌ಪೆಕ್ಟರ್ ಕಿಟಕಿಗೆ ತಲೆ ಹಾಕಿ ಕಾದ. ಹುಡುಗರ ತಲೆಗಳು ಇದ್ದಲ್ಲೇ ಇದ್ದವು. ಕೊನೆಗೆ ಅವನು ಟೀ ಗ್ಲಾಸ್ ಎತ್ತಿಕೊಂಡ. "ಶರಿ, ನಿಮ್ಮ ಆಟ ನೀವು ನೋಡಿಕೊಳ್ಳಿ" ಎಂದು ಹೊರಟುಹೋದ.

ತೀರ್ಪು ಬಂತು. ಗೋಲ್ ರದ್ದು, ವಾರದ ನಂತರ ಮರು ಆಟ. ಈ ವರ್ಷ ನಾನು ಮೈದಾನದ ಹಗ್ಗದೊಳಗೆ ಕಾಲಿಡುವಂತಿಲ್ಲ. ಆಟಗಾರರು ಸಿಳ್ಳೆ ಹಾಕಿದರೆ ಫೌಲ್. ಕರೆಯಬೇಕಾದರೆ ಸಭ್ಯರ ಹಾಗೆ ಹೆಸರು ಹಿಡಿದು ಕರೆಯತಕ್ಕದ್ದು.

ಹೊರಗೆ ಬಂದು ನೋಡಿದರೆ ಗೋಲಿ ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದ. ಲೆಫ್ಟ್ ಔಟ್ ಕಣ್ಣಲ್ಲಿ ನೀರು. ಸೆಂಟರ್ ಹಾಫಿನ ಎರಡು ಕೈಯೂ ಪಕ್ಕದವರ ಬಾಯಿಯ ಮೇಲಿದ್ದವು, ಇನ್ನೂ ತೆಗೆದಿರಲಿಲ್ಲ.

"ಕೇಳಿಸಿತಾ?" ಎಂದೆ.

"ಕೇಳ್ಸ್ತು ಮಾಷೇ" ಎಂದ. ಅಷ್ಟೇ. ಯಾರೂ ನನ್ನ ಮುಖ ನೋಡಲಿಲ್ಲ.

ಆ ವಾರ ಗದ್ದೆಯಲ್ಲಿ ಏನೇನೋ ಮಾಡಿದೆವು. ಕೈಸನ್ನೆ ಕಲಿಸಿದೆ, ಬೆನ್ನು ಹಾಕಿದವನಿಗೆ ಸನ್ನೆ ಕಾಣುವುದಿಲ್ಲ. "ಲೆಫ್ಟ್", "ರೈಟ್" ಎಂದು ಕೂಗಿಸಿದೆ, ಅವರಿಗೆ ನಗು ಬಂತು. ಕೊನೆಗೆ ಸಾಕಾಗಿ ಹೆಸರನ್ನೇ ಕೂಗಿ ಎಂದೆ. ಪಿಸುಮಾತಿನಲ್ಲಿ ಹೇಳಿದರು, ಪಕ್ಕದಲ್ಲಿ ನಿಂತ ನನಗೇ ಕೇಳಲಿಲ್ಲ. ಸಿಟ್ಟಿಗೆ ಚೆಂಡನ್ನು ತೋಡಿಗೆ ಒದ್ದು ಮನೆಗೆ ಹೋದೆ. ಅವರ ಮೇಲಿನ ಸಿಟ್ಟಲ್ಲ ಅದು.

ಮರು ಆಟದ ದಿನ ನಾನು ಹಗ್ಗದ ಹೊರಗೆ, ಕಡಲೆಕಾಯಿ ಮಾರುವವನ ಪಕ್ಕ. ಅದೇ ಎದುರು ಶಾಲೆಯ ಮಾಷ್ ಬಾವುಟ ಹಿಡಿದು ಗೆರೆಯ ಮೇಲೆ, ಕೊರಳಲ್ಲಿ ವಿಸಿಲ್ ಹಾಕಿಕೊಂಡು. ಅದನ್ನು ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ. ನನ್ನ ಹುಡುಗರು ಮೂಗರ ಹಾಗೆ ಆಡಿದರು. ಪಾಸ್ ಹೋಗಬೇಕಾದ ಕಡೆ ಚೆಂಡು ನಿಂತಿತು, ಹಿಂದಿನಿಂದ ಬಂದವರು ಕಿತ್ತುಕೊಂಡರು. ಆದರೂ ಗೋಲ್ ಬಿಟ್ಟುಕೊಡಲಿಲ್ಲ. ಆರಿಸುವವರು ಕುರ್ಚಿಯಲ್ಲಿ ಕೂತು ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡಿಕೊಳ್ಳುತ್ತಿದ್ದರು.

ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಸೆಂಟರ್ ಹಾಫಿಗೆ ಮಧ್ಯದಲ್ಲಿ ಚೆಂಡು ಸಿಕ್ಕಿತು. ಎಡಗಡೆ ಖಾಲಿ. ಲೆಫ್ಟ್ ಔಟ್ ಬ್ಯಾಕ್‌ಗಳ ಈಚೆಗೆ ಸರಿಯಾದ ಜಾಗದಲ್ಲಿದ್ದ, ಆದರೆ ಮುಖ ಆ ಕಡೆಗಿತ್ತು. ಎರಡು ಸಿಳ್ಳೆ ಸಾಕಿತ್ತು. ಸೆಂಟರ್ ಹಾಫ್ ಚೆಂಡನ್ನು ಮುಂದಕ್ಕೆ ಬಿಟ್ಟ. ಬಿಟ್ಟು, ಬಾಯಿ ತೆರೆದು, ಇಡೀ ಮೈದಾನಕ್ಕೆ ಕೇಳುವ ಹಾಗೆ ಗೆಳೆಯನ ಹೆಸರು ಕೂಗಿದ.

ಆ ಹುಡುಗನಿಗೆ ಅದೆಷ್ಟು ಕಷ್ಟವಾಗಿತ್ತೋ. ನಾನು ಕೇಳಿದ್ದನ್ನೇ ಅವನು ಮಾಡಿದ್ದ.

ಲೆಫ್ಟ್ ಔಟ್ ಓಡಲಿಲ್ಲ. ನಿಂತುಬಿಟ್ಟ. ತಿರುಗಿ, ಯಾರೋ ತನ್ನ ಮೇಲೆ ಮಣ್ಣು ಹಾಕಿದರೇನೋ ಎಂಬಂತೆ ನೋಡಿದ. ಚೆಂಡು ಅವನನ್ನು ದಾಟಿ ಎದುರು ಬ್ಯಾಕಿನ ಕಾಲಿಗೆ ಹೋಯಿತು. ಬ್ಯಾಕ್ ಉದ್ದಕ್ಕೆ ಒದ್ದ. ನಮ್ಮವರೆಲ್ಲ ಆ ಕೂಗಿಗೆ ತಿರುಗಿ ನಿಂತವರು ನಿಂತಲ್ಲೇ ಇದ್ದರು. ಅವರ ಫಾರ್ವರ್ಡ್ ಒಬ್ಬನೇ ನಡೆದುಕೊಂಡು ಹೋಗಿ ಗೋಲ್ ಹಾಕಿದ.

ಕಪ್ಪು ಅವರಿಗೆ ಹೋಯಿತು. ಸಾಲದ್ದಕ್ಕೆ ಉತ್ತಮ ನಡತೆಯ ಬಹುಮಾನವೂ ಅವರಿಗೇ. ಆ ಮಾಷ್ ಹಗ್ಗದ ಹತ್ತಿರ ಬಂದು ಕೈ ಚಾಚಿದ. "ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಮಾಷೇ. ಆಟ ಅಂದರೆ ಸೋಲು ಗೆಲುವು ಇದ್ದದ್ದೇ."

ಕೈ ಮುಟ್ಟಲಿಲ್ಲ. "ನಿನ್ನ ಹುಡುಗರಿಗೆ ಹೇಳಿದ್ದೀಯಾ, ಊದಿದ್ದು ಯಾರು ಅಂತ?" ಎಂದೆ. ಅವನು ಸುತ್ತ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ನಾನು ಕೈ ಕುಲುಕಲಿಲ್ಲ ಎಂಬುದನ್ನು ಕಾರ್ಯದರ್ಶಿಗಳು ವರದಿಯಲ್ಲಿ ಮರೆಯದೆ ಸೇರಿಸಿದರು.

ಜಿಲ್ಲಾ ಟೀಮಿಗೆ ನಮ್ಮವರು ಯಾರೂ ಹೋಗಲಿಲ್ಲ. ಹಾಸ್ಟೆಲಿನ ಜಾಗ ಮುಂದಿನ ವರ್ಷಕ್ಕೂ ಉಳಿಯಲಿಲ್ಲ. ಸೆಂಟರ್ ಹಾಫ್ ಮಾರನೇ ದಿನದಿಂದ ಶಾಲೆಗೆ ಬರುವುದು ಬಿಟ್ಟ. ಅಜ್ಜಿ ಅವನನ್ನು ಹೊಳೆಯಾಚೆ, ಕರ್ನಾಟಕದ ಕಡೆಯ ನಂಟರ ಹಾಡಿಗೆ ದಾಟಿಸಿದಳು ಎಂದು ಗೋಲಿ ಹೇಳಿದ. ಕ್ಯಾಂಪಿನವರ ಕೈಗೆ ಅವನು ಸಿಗಲಿಲ್ಲ, ಅಷ್ಟು ಮಟ್ಟಿಗೆ ನನ್ನ ಸುಳ್ಳು ಫಲಿಸಿತು. ಓದು ಅಲ್ಲಿಗೆ ನಿಂತಿತು. ಯಾವುದೋ ತೋಟದಲ್ಲಿ ಕೂಲಿಗೆ ಸೇರಿದನಂತೆ.

ಉಳಿದ ಹುಡುಗರು ಆಟಕ್ಕೆ ಬರುತ್ತಿದ್ದರು, ನನ್ನ ಹತ್ತಿರ ಬರುತ್ತಿರಲಿಲ್ಲ. ಹೇಳಿದ್ದು ಮಾಡುತ್ತಿದ್ದರು, ನೆಲ ನೋಡುತ್ತಿದ್ದರು. ನಾನು ಅವರನ್ನು ಕಾಪಾಡಲು ಹೋದವನು, ಇವರಿಗೇನಾಯಿತು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಎರಡು ಸಲ ಕರೆದವನಿಗೆ ಓಗೊಡದಿದ್ದರೆ ಏನು ಲೆಕ್ಕ ಎಂದು ಅವರೇ ಮೊದಲ ದಿನ ಹೇಳಿದ್ದರಲ್ಲ, ಅದು ನನ್ನ ಮಂಡೆಗೆ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಡ್ರಿಲ್ ಕ್ಲಾಸಿಗೆಂದು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದೆ. ಜೀಪುಗಳು ಮತ್ತೆ ಬಂದು ನಿಂತಿದ್ದವು. ಹಲಸಿನ ಮರದ ಕಡೆಯಿಂದ ಸೆಂಟರ್ ಹಾಫಿನ ಅಜ್ಜಿ ನಡೆದು ಬಂದಳು. ಕೋಲಿಲ್ಲ, ಬಾಯಲ್ಲಿ ಎಲೆಯಡಿಕೆ. ನನ್ನ ಗೆರೆಯನ್ನು ತುಳಿಯದೆ ದಾಟಿ ಎದುರು ನಿಂತಳು.

"ನೀನು ಎರಡು ಸಲ ಕರ್ದೆಯಂತೆ" ಎಂದಳು.

"ಹೌದಜ್ಜಿ."

"ಹುಡುಗ್ರು ಓಗೊಡ್ಲಿಲ್ವಂತೆ."

"ಕೊಡದೇ ಇದ್ದದ್ದು ಒಳ್ಳೇದೇ ಆಯ್ತು ಬಿಡಜ್ಜಿ."

"ಒಳ್ಳೇದೋ ಕೆಟ್ಟದೋ. ಮಕ್ಳು ಉಣ್ತಾ ಇಲ್ಲ. ಮಾಷ್‌ನ ಸಾಯಿಸಿಬಿಟ್ವಿ ಅಂತಾವೆ. ಮೊಮ್ಮಗ ಹೊಳೆ ದಾಟುವಾಗ್ಲೂ ಅದನ್ನೇ ಹೇಳ್ದ." ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡಳು. ಎದೆಯ ತುಂಬ ಉಸಿರೆಳೆದು, ಕ್ಯಾಂಪಿನ ಕಿಟಕಿಗಳು ಕೇಳುವ ಹಾಗೆ, ಬೆಟ್ಟ ಕೇಳುವ ಹಾಗೆ, ಉದ್ದಕ್ಕೆ "ಓ" ಎಂದಳು.

ನನಗೆ ಕಣ್ಣು ಮಂಜಾಯಿತು. ಸುಣ್ಣದ ಡಬ್ಬಿ ಕೆಳಗಿಟ್ಟೆ.

ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಇನ್ಸ್‌ಪೆಕ್ಟರ್ ಬನಿಯನ್ನಿನಲ್ಲೇ ಹೊರಗೆ ಬಂದ, ಹಿಂದೆ ಇಬ್ಬರು. "ಯಾರದು? ಯಾರನ್ನು ಕರೆದದ್ದು?" ಎಂದು ಮಲಯಾಳದಲ್ಲಿ ಕೇಳಿದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಅಜ್ಜಿಗೆ ಹೇಳಿದೆ.

"ಕರೆದಿಲ್ಲ. ಓಗೊಟ್ಟೆ" ಎಂದಳು.

"ಯಾರಿಗೆ?"

ಅವಳು ಗಲ್ಲದಿಂದ ನನ್ನನ್ನು ತೋರಿಸಿದಳು. ಇಷ್ಟು ದಿನ ಬೆಟ್ಟದಲ್ಲೆಲ್ಲ ಹುಡುಕಿದ ದನಿ ಎಲೆಯಡಿಕೆ ಅಗಿಯುವ ಮುದುಕಿಯ ಬಾಯಿಂದ ಬಂದದ್ದನ್ನು ಅವನಿಗೆ ಸಹಿಸಲಾಗಲಿಲ್ಲ. ನೋಟ್‌ಬುಕ್ಕಿಗೆ ಜೇಬು ತಡಕಿದ, ಬನಿಯನ್ನಿಗೆ ಜೇಬಿರಲಿಲ್ಲ. "ಹೆಸರೇನು ಕೇಳಿ" ಎಂದು ನನಗೆ ಗದರಿದ.

ಕೇಳಿದೆ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾನಿನ್ನೂ ಬದ್ಕಿದೀನಿ ಅನ್ನು" ಎಂದು ಹೇಳಿ, ಗೆರೆ ದಾಟಿ, ಬಂದ ದಾರಿಯಲ್ಲೇ ಹೊರಟಳು.

"ಏನಂದಳು? ಏನಂದಳು?" ಎಂದ ಇನ್ಸ್‌ಪೆಕ್ಟರ್.

ನಾನು ಸುಣ್ಣದ ಡಬ್ಬಿ ಎತ್ತಿಕೊಂಡು ಬಿಟ್ಟಲ್ಲಿಂದ ಗೆರೆ ಎಳೆಯತೊಡಗಿದೆ.